ಎಡಗೈ ಕವಿಯ ಗುಹೆ

"ಬಾಗಿಲು ಇಲ್ಲೇ ಇರ್ಬೇಕು ಕಣಮ್ಮ. ಚಿತ್ರದಲ್ಲಿ ಇಲ್ಲೇ ಅಲ್ವಾ ಇರೋದು?" ಎನ್ನುತ್ತ ಹಾರ್ಬಾಟಲ್, ಗುಹೆಯ ಬೆನ್ನಿನ ಎಡಗಡೆ ಹಬ್ಬಿದ್ದ ಬಳ್ಳಿಯೊಳಗೆ ಜೋರಾಗಿ ಕೈ ನುಗ್ಗಿಸಿದ. ಮರುಕ್ಷಣವೇ "ಅಯ್ಯಯ್ಯೋ!" ಎಂದು ಕೂಗಿ ಕೈ ಹಿಂದಕ್ಕೆಳೆದುಕೊಂಡ.

ಬಳ್ಳಿಯ ಹಿಂದೆ ಬಾಗಿಲಿರಲಿಲ್ಲ, ಇಟ್ಟಿಗೆ ಗೋಡೆಯಿತ್ತು. ಮ್ಯಾಜಿಸ್ಟ್ರೇಟರ ಪತ್ತೇದಾರ, ಊರಿನ ಕಳ್ಳರೆಲ್ಲ ಹೆಸರು ಕೇಳಿದರೇ ಬೆವರುವ ಎಜೆಕೀಲ್ ಹಾರ್ಬಾಟಲ್, ಸುಲಿದ ಬೆರಳ ಗೆಣ್ಣುಗಳನ್ನು ಬಾಯಿಗಿಟ್ಟುಕೊಂಡು ಮಗುವಿನಂತೆ ಚೀಪತೊಡಗಿದ.

"ಅಲ್ಲೆಲ್ಲೈತೆ ಸ್ವಾಮಿ ಬಾಗ್ಲು!" ಮನೆವಾರ್ತೆಯ ಹೆಂಗಸು ಕೆಟೂರಾ ದೂರದಿಂದಲೇ ಕೂಗಿದಳು. "ಬಲಗಡೆಗೈತೆ. ಆ ಕಡೆ ಯಾವ ಕಾಲದಾಗೂ ಬಾಗ್ಲು ಇರ್ಲಿಲ್ಲ."

"ಮತ್ತೆ ಇದ್ರಲ್ಲಿ ಎಡಗಡೆ ಇದೆಯಲ್ಲಮ್ಮ?" ಹಾರ್ಬಾಟಲ್ ಕೈಯಲ್ಲಿದ್ದ ಚಿತ್ರವನ್ನು ಅವಳತ್ತ ಬೀಸಿದ.

ನಾನು ಆ ಚಿತ್ರ ನೋಡಿದೆ, ಗೋಡೆ ನೋಡಿದೆ. ಮತ್ತೆ ಚಿತ್ರ ನೋಡಿದೆ.

ನಾಳೆ ಬೆಳಿಗ್ಗೆ ಓಲ್ಡ್ ಬೇಲಿಯ ನ್ಯಾಯಾಲಯದಲ್ಲಿ ನನ್ನ ತಮ್ಮ ಸೈಲಸನ ವಿಚಾರಣೆ. ಕವಿ ಲೆಮ್ಯುಯೆಲ್ ಆಸ್ಪಿನಾಲರನ್ನು ಅವರದೇ ತೋಟದಲ್ಲಿ ಅಲಂಕಾರಕ್ಕೆಂದು ಕಟ್ಟಿಸಿದ ಈ ಗುಹೆಯಲ್ಲಿ ತಲೆ ಒಡೆದು ಕೊಂದನೆಂಬ ಆರೋಪ, ರುಜುವಾತಾದರೆ ನೇಣು.

ಕವಿಗೆ ಒಂದು ಅಭ್ಯಾಸವಿತ್ತು. ಊಟವಾದ ಮೇಲೆ ಥೇಮ್ಸ್ ನದಿಗೆ ಮುಖ ಮಾಡಿದ ಗುಹೆಯ ಬಾಯಿಗೆ ಒಳಗಿನಿಂದ ಕಬ್ಬಿಣದ ಗೇಟು ಹಾಕಿಕೊಂಡು ಬರೆಯಲು ಕೂರುತ್ತಿದ್ದರು. ಹೆಣ ಸಿಕ್ಕಾಗಲೂ ಆ ಗೇಟು ಹಾಕಿದಂತೆಯೇ ಇತ್ತು. ಅಂದರೆ ಕೊಲೆಗಾರ ಬಂದದ್ದು ಗುಹೆಯ ಬೆನ್ನಿಗೆ, ಬಳ್ಳಿಯ ಮರೆಯಲ್ಲಿದ್ದ ಕಳ್ಳಬಾಗಿಲಿನಿಂದ. ಅದು ಗೊತ್ತಿದ್ದದ್ದು ಕವಿಗೆ, ಕೆಟೂರಾಗೆ, ತೋಟದಲ್ಲಿ ಕೂತು ಚಿತ್ರ ಬರೆದುಕೊಂಡ ನನ್ನ ತಮ್ಮನಿಗೆ. ಕೊಲೆಯ ಹೊತ್ತಿಗೆ ಕೆಟೂರಾ ಚರ್ಚಿನ ಪಾದ್ರಿಗಳಿಗೆ ಟೀ ಕೊಡುತ್ತಿದ್ದಳು. ಉಳಿದವನು ಸೈಲಸ್ ಒಬ್ಬನೇ ಎಂಬುದು ಸರ್ಕಾರದ ಕಡೆಯವರ ಲೆಕ್ಕ.

"ಮಿಸ್ಟರ್ ಹಾರ್ಬಾಟಲ್, ಕೈ ಚೀಪಿದ್ದು ಸಾಕು. ಆ ಬಳ್ಳಿ ಸ್ವಲ್ಪ ಪಕ್ಕಕ್ಕೆ ಹಿಡೀರಿ," ಎಂದೆ.

"ನಿಮ್ಮ ಬಾಯಿಗೊಂದು ನಮಸ್ಕಾರ ಮಿಸೆಸ್ ಪೆನ್ರೋಸ್," ಎಂದು ಗೊಣಗಿದರೂ ಹಿಡಿದ.

ಈಗಷ್ಟೇ ಅವನ ಕೈಗೆ ಸಿಕ್ಕು ಹರಿದ ಕುಡಿಗಳ ತುದಿ ಹಸಿರಾಗಿತ್ತು. ಅದರ ಪಕ್ಕದಲ್ಲೇ ಇನ್ನೊಂದಿಷ್ಟು ಕುಡಿಗಳು ಹರಿದು, ಒಣಗಿ, ಕಂದು ಬಣ್ಣಕ್ಕೆ ತಿರುಗಿದ್ದವು. ಗೋಡೆಯ ಗಾರೆಯನ್ನು ಯಾರೋ ಸಲಾಕೆಯಿಂದ ಕೆರೆದಿದ್ದರು. ಒಂದು ಕಡೆಯಲ್ಲ, ಮೇಲೆ, ಕೆಳಗೆ, ಪಕ್ಕದಲ್ಲಿ. ಚಿಲಕ ಹುಡುಕುವವರು ಕೆರೆಯುವ ಹಾಗೆ.

"ಇದು ಯಾವಾಗ ಆಗಿದ್ದು ಕೆಟೂರಾ?"

"ಯಜಮಾನ್ರು ಹೋದ ದಿನಾನೇ ಅಮ್ಮಾವ್ರೇ. ಬೆಳಗ್ಗೆ ನಾನೇ ಇಲ್ಲಿ ಕಸ ಗುಡಿಸಿದ್ದೆ, ಬಳ್ಳಿ ನೆಟ್ಟಗಿತ್ತು. ಸಂಜೆ ಬಂದು ನೋಡ್ತೀನಿ, ಎಲೆ ಎಲ್ಲಾ ಚೆಲ್ಲಾಡೈತೆ. ಮ್ಯಾಜಿಸ್ಟ್ರೇಟ್ ಕಡೆಯೋರು ಕಿತ್ತು ಹಾಕವ್ರೆ ಅಂದ್ಕೊಂಡೆ. ಅವ್ರ ಬೂಟ್ಸು ಏನೇನು ತುಳಿದು ಹಾಕಿಲ್ಲ ಹೇಳಿ!"

ಹಾರ್ಬಾಟಲ್ ಚಿತ್ರವನ್ನು ತಿರುಗಿಸಿ, ಮುರುಗಿಸಿ, ತಲೆಕೆಳಗು ಮಾಡಿ ನೋಡಿದ. "ಇದೇನಮ್ಮಾ ನಿಮ್ಮ ತಮ್ಮನ ಕೈಕೆಲ್ಸ?"

ಅದೊಂದು ಪ್ರೂಫ್, ಸರಿಯಾಗಿದೆಯೇ ಎಂದು ನೋಡಲು ಮೊದಲು ತೆಗೆಯುವ ಅಚ್ಚು. ಮೇಲೆ ಕವಿಯ ಭಾವಚಿತ್ರ, ಕೆಳಗೆ ಅಂಗೈಯಗಲದ ಜಾಗದಲ್ಲಿ ಅವರ ಗುಹೆ. ಕವಿಗಳ ಮುಖವನ್ನೂ ಮನೆಯನ್ನೂ ಒಂದೇ ಹಾಳೆಯಲ್ಲಿ ತೋರಿಸುವ ಚಿತ್ರಮಾಲೆ ಈಗ ಲಂಡನ್ನಿನ ಹುಚ್ಚು. ಸೈಲಸ್ ಕೆತ್ತುತ್ತಾನೆ, ನನ್ನ ಅಂಗಡಿಯಲ್ಲಿ ನಾನು ಅಚ್ಚು ಹಾಕುತ್ತೇನೆ, ಟ್ರೆಡ್‌ವೆಲ್ ಎಂಬ ಪ್ರಕಾಶಕ ಮಾರುತ್ತಾನೆ. ತಾಮ್ರದ ತಗಡಿನ ಮೇಲೆ ಎಡಕ್ಕೆ ಕೆತ್ತಿದ್ದು ಕಾಗದದಲ್ಲಿ ಬಲಕ್ಕೆ ಮೂಡುತ್ತದೆ. ಅದಕ್ಕೇ ಕೆತ್ತುವವರು ಮೂಲಚಿತ್ರವನ್ನು ಕನ್ನಡಿಗೆ ಹಿಡಿದು, ಕನ್ನಡಿಯಲ್ಲಿ ಕಂಡಂತೆ ಕೆತ್ತುತ್ತಾರೆ. ಆ ವಾರ ಸೈಲಸನಿಗೆ ಹಲ್ಲುನೋವು, ಮೇಲೆ ಟ್ರೆಡ್‌ವೆಲ್‌ನ ಅವಸರ. ನನ್ನ ತಮ್ಮ ಕನ್ನಡಿ ಇಡುವುದನ್ನೇ ಮರೆತು ನೇರವಾಗಿ ಕೆತ್ತಿಬಿಟ್ಟ.

ಪ್ರೂಫ್ ನೋಡಿದ ಕವಿ ಸಿಟ್ಟಿನಿಂದ ಕುಣಿದಾಡಿದ್ದರು. ಎಡಗೆನ್ನೆಯ ನರಹುಲಿ ಬಲಗೆನ್ನೆಗೆ ಹೋಗಿತ್ತು, ಗರಿ ಲೇಖನಿ ಎಡಗೈಗೆ ಬಂದಿತ್ತು. "ನನ್ನನ್ನು ಎಡಚನನ್ನಾಗಿ ಮಾಡಿದೆಯಾ? ಮೇಲೆ ನನ್ನ ಕಳ್ಳಬಾಗಿಲನ್ನೂ ಊರಿಗೆಲ್ಲ ತೋರಿಸ್ತೀಯಾ?" ಎಂದು ಅರಚಿ, ಅದೇ ಹಾಳೆಯನ್ನು ಸುರುಳಿ ಸುತ್ತಿ ಸೈಲಸನ ಕೆನ್ನೆಗೆ ಬಾರಿಸಿ, ಬೆಂಕಿಗೆ ಎಸೆದಿದ್ದರು. ಕೊಲೆಗೆ ಅದೇ ಕಾರಣ ಎಂದು ಸರ್ಕಾರದ ಕಡೆಯವರ ವಾದ. ಆಮೇಲೆ ಹೊಸ ತಗಡು ಕೆತ್ತಿದ್ದಾಯಿತು. ಈಗ ಅಂಗಡಿಗಳಲ್ಲಿ ಸಿಗುವ ಚಿತ್ರದಲ್ಲಿ ನರಹುಲಿ ಸ್ವಸ್ಥಾನದಲ್ಲಿದೆ, ಗುಹೆಯ ನದಿಕಡೆಯ ಬಾಯಿ ಮಾತ್ರ ಕಾಣುತ್ತದೆ. ಬಾಗಿಲಿನ ಸುಳಿವೇ ಇಲ್ಲ.

ಆಗ ನಾವೆಲ್ಲ ಮುಖ ನೋಡಿ ಕಿತ್ತಾಡಿದೆವು. ಕೆಳಗಿದ್ದ ಗುಹೆಯನ್ನು ಯಾರೂ ನೋಡಲಿಲ್ಲ. ಮುಖ ತಿರುಗಿದ ಮೇಲೆ ಗುಹೆಯೂ ತಿರುಗಿರಬೇಕೆಂಬುದು ನನ್ನಂಥವಳ ತಲೆಗೂ ಹೊಳೆಯಲಿಲ್ಲ.

"ಸೈಲಸ್ ಇಲ್ಲಿ ದಿನಗಟ್ಟಲೆ ಕೂತು ಆ ಬಾಗಿಲನ್ನ ನೋಡಿದ್ದಾನೆ ಕಣ್ರೀ," ಎಂದೆ. "ಅವನಾಗಿದ್ರೆ ಕಣ್ಣು ಮುಚ್ಕೊಂಡು ಬಲಗಡೆಗೇ ಹೋಗ್ತಿದ್ದ. ಮೊದಲು ಎಡಗಡೆ ತಡಕಾಡಿ ಆಮೇಲೆ ಬಲಗಡೆ ಬಾಗಿಲು ಕಂಡುಕೊಂಡವನು ಈ ತೋಟಕ್ಕೆ ಹಿಂದೆ ಯಾವತ್ತೂ ಬಂದವನಲ್ಲ. ಅವನು ನೋಡಿದ್ದು ಈ ಪ್ರೂಫ್ ಮಾತ್ರ."

ಹಾರ್ಬಾಟಲ್ ಕೆರೆದ ಗಾರೆಯ ಮೇಲೆ ಬೆರಳಾಡಿಸಿದ. ಆಮೇಲೆ, "ನಾನೂ ಅವನ ಹಾಗೇ ದಾರಿ ತಪ್ಪಿದೆ," ಎಂದ. ಅವನ ಮುಖದಲ್ಲಿ ನಗುವಿರಲಿಲ್ಲ.

ಒಳಗೆ ಹೋಗಿ ನೋಡೋಣವೆಂದ. ಕೆಟೂರಾ ಬರಲು ಒಪ್ಪಲಿಲ್ಲ. "ಸತ್ತೋಗ್ತೀನಿ ಅಂದ್ರೂ ನಾ ಒಳಕ್ಕೆ ಕಾಲಿಡಾಕಿಲ್ಲ," ಎಂದು ಶಾಲು ಬಿಗಿದುಕೊಂಡಳು.

ಗುಹೆಯ ಗೋಡೆಗಳಿಗೆಲ್ಲ ಕಪ್ಪೆಚಿಪ್ಪು, ಶಂಖ, ನಡುನಡುವೆ ಒಡೆದ ಕನ್ನಡಿಯ ಚೂರು ಮೆತ್ತಿಸಿದ್ದರು. ದೊಡ್ಡವರ ತೋಟಗಳಲ್ಲಿ ಇಂಥವನ್ನು ಎಷ್ಟೋ ನೋಡಿದ್ದೇನೆ. ಆದರೆ ಇಲ್ಲಿ ಎಲ್ಲಿ ತಿರುಗಿದರೂ ನನ್ನದೇ ಕಣ್ಣಿನ ಚೂರು ನನ್ನನ್ನೇ ನೋಡುತ್ತಿತ್ತು. ಛಾವಣಿಯ ಒಂದು ಮೂಲೆಯಿಂದ ನೀರು ತೊಟ್ಟಿಗೆ ಜಿನುಗುತ್ತಿತ್ತು, ಕವಿಗೆ ಆ ಸದ್ದಿಲ್ಲದೆ ಬರೆಯಲಾಗುತ್ತಿರಲಿಲ್ಲವಂತೆ. ಮೇಜಿನ ಕೆಳಗಿನ ಕಲೆಯನ್ನು ತೊಳೆದಿದ್ದರು. ತೊಳೆದದ್ದರಿಂದಲೇ ಅದು ಎಷ್ಟು ದೊಡ್ಡದಿತ್ತೆಂದು ಗೊತ್ತಾಗುತ್ತಿತ್ತು.

"ನೀವು ಕುರ್ಚಿ ಮೇಲೆ ಕೂತ್ಕೊಳ್ಳಿ, ನದಿ ಕಡೆ ನೋಡ್ತಾ ಇರಿ. ನಾನು ಹೊರಗಿನಿಂದ ಬರ್ತೀನಿ. ಸದ್ದು ಕೇಳಿಸಿದ್ರೆ ಹೇಳಿ," ಎಂದು ಹಾರ್ಬಾಟಲ್ ಹೋದ.

ಕೂತೆ. ನೀರಿನ ಸದ್ದು, ಗೇಟಿನಾಚೆ ಮಂಜು. ಅವನಂಥ ಆನೆದೇಹದವನು ನಡೆದರೆ ನೆಲ ಅದುರಬೇಕು, ಕೇಳಿಸದೆ ಹೋಗುತ್ತದೆಯೇ ಎಂದುಕೊಂಡೆ. ಕಾದೆ. ಇನ್ನೂ ಕಾದೆ. ಏನೂ ಇಲ್ಲ. ಹೊರಗೆ ಕೆಟೂರಾಳ ಜೊತೆ ಹರಟೆಗೆ ನಿಂತನೋ ಎಂದುಕೊಳ್ಳುತ್ತಿರುವಾಗ ಹಿಂದಿನಿಂದ ಭುಜದ ಮೇಲೆ ಒಂದು ಕೈ ಬಿತ್ತು.

ನಾನು ಚೀರಿದ ಚೀರಿಗೆ ಆಚೆ ದಡದಲ್ಲೆಲ್ಲೋ ನಾಯಿ ಬೊಗಳಿತು.

"ಕೇಳಿಸ್ಲಿಲ್ಲ ಅಲ್ವಾ?" ಹಾರ್ಬಾಟಲ್ ಮೆತ್ತಗೆ ಕೇಳಿದ. "ಪಾಪ, ಅವ್ರಿಗೂ ಕೇಳಿಸಿರೋದಿಲ್ಲ."

ಹೊರಗೆ ಬಂದೆವು. ಕೆಟೂರಾ ನನ್ನನ್ನು ಹಿಡಿದು ಕಲ್ಲುಬೆಂಚಿನ ಮೇಲೆ ಕೂರಿಸಿದಳು. ಇಲ್ಲಿಗೆ ಬರುವವರೆಲ್ಲ ಹೀಗೇ ಆಗುತ್ತಾರೆ ಎಂದಳು. ಕವಿ ಸತ್ತ ಜಾಗ ನೋಡಲು ಗಾಡಿ ಕಟ್ಟಿಕೊಂಡು ಜನ ಬರುತ್ತಾರೆ, ಗೋಡೆಯ ಚಿಪ್ಪು ಕಿತ್ತು ಜೇಬಿಗೆ ಹಾಕಿಕೊಳ್ಳುತ್ತಾರೆ, ಹೆಂಗಸರು ಅಳುತ್ತಾರೆ.

"ಒಬ್ರು ಮಾತ್ರ ನಕ್ರು ಅಮ್ಮಾವ್ರೇ."

"ನಕ್ಕರಾ? ಯಾರು?"

"ಯಾರೋ ದೊಡ್ಡ ಮನುಷ್ಯರು. ಬೂದಿ ಬಣ್ಣದ ಕೋಟು, ಕುತ್ತಿಗೆಗೆ ಕಣ್ಣಿನವರೆಗೂ ಸುತ್ತಿದ ಬಟ್ಟೆ. ಗುಹೆ ಒಳಕ್ಕೆ ಹೋಗ್ಲೇ ಇಲ್ಲ. ಸೀದಾ ಬಂದು ಆ ಎಡಗಡೆ ಗೋಡೆ ಮುಂದೆ ನಿಂತ್ರು. ತಲೆ ಒಂಚೂರು ವಾಲಿಸಿ ನೋಡಿದ್ರು. ಆಮೇಲೆ ಮೆಲ್ಲಕೆ ನಕ್ರು. ತಮ್ಮ ಪೆದ್ದತನಕ್ಕೆ ತಾವೇ ನಗ್ತಾರಲ್ಲ, ಅಂಗೆ. ನಂಗೆ ಮೈಯೆಲ್ಲಾ ಜುಮ್ ಅಂತು."

ಹಾರ್ಬಾಟಲ್ ನನ್ನನ್ನು ನೋಡಿದ. ಅವನು ಜೇಬಿನಿಂದ ತೆಗೆದಿದ್ದ ಹಂದಿಮಾಂಸದ ಕಡುಬು ಹಾಗೆಯೇ ಜೇಬಿಗೆ ವಾಪಸಾಯಿತು. ಅವನ ಹಸಿವು ಸತ್ತದ್ದನ್ನು ನಾನು ಕಂಡದ್ದು ಅದೇ ಮೊದಲು.

ದೋಣಿಯಲ್ಲಿ ಊರ ಕಡೆ ಹೊರಟೆವು. ಮಂಜು ಎಷ್ಟು ದಟ್ಟವಾಗಿತ್ತೆಂದರೆ ಅಂಬಿಗನ ಮುಖವೇ ಕಾಣುತ್ತಿರಲಿಲ್ಲ. ಹಿಂದೆ ಇನ್ನೊಂದು ದೋಣಿಯ ಹುಟ್ಟಿನ ಸದ್ದು ಕೇಳುತ್ತಿತ್ತು. ನಾವು ನಿಧಾನಿಸಿದರೆ ಅದೂ ನಿಧಾನಿಸಿದಂತೆ ಅನಿಸಿತು. ನದಿಯಲ್ಲಿ ನೂರು ದೋಣಿಗಳಿರುತ್ತವೆ ಎಂದು ನನಗೆ ನಾನೇ ಬೈದುಕೊಂಡೆ.

"ಪ್ರೂಫ್ ಎಷ್ಟು ತೆಗೆದಿದ್ರಿ?" ಹಾರ್ಬಾಟಲ್ ಕೇಳಿದ.

"ಮೂರು. ನಾನೇ ತೆಗೆದದ್ದು. ಒಂದನ್ನ ಕವಿ ಸುಟ್ಟರು. ಒಂದು ಸೈಲಸನ ಚೀಲದಲ್ಲಿ ಸಿಕ್ತು, ಈಗ ನಿಮ್ಮ ಕೈಯಲ್ಲಿದೆ. ಇನ್ನೊಂದು ಟ್ರೆಡ್‌ವೆಲ್‌ಗೆ ಕೊಟ್ಟೆ."

"ಹಾಗಾದ್ರೆ ಟ್ರೆಡ್‌ವೆಲ್ ಉತ್ತರ ಹೇಳ್ಬೇಕು."

ಟ್ರೆಡ್‌ವೆಲ್‌ನ ಅಂಗಡಿಯ ಮುಂದೆ ಜನ ಮುತ್ತಿಕೊಂಡಿದ್ದರು. ಕಿಟಕಿಯಲ್ಲಿ ಸಾಲಾಗಿ ಆಸ್ಪಿನಾಲರದೇ ಮುಖ. ಬದುಕಿದ್ದಾಗ ಆ ಮುಖವನ್ನು ಕೇಳುವವರಿರಲಿಲ್ಲ. ನನಗೆ ಮೈ ಉರಿದುಹೋಯಿತು.

"ನನ್ನ ತಮ್ಮ ಸೆರೆಮನೆಯಲ್ಲಿ ಕೊಳೀತಿದ್ದಾನೆ, ನಿಮಗೆ ಇಲ್ಲಿ ಜಾತ್ರೆ!" ಎನ್ನುತ್ತಲೇ ಒಳಗೆ ಹೋದೆ.

ಟ್ರೆಡ್‌ವೆಲ್ ಬಡಕಲು ಮನುಷ್ಯ. ನಶ್ಯ ಸೇದಿ ಸೇದಿ ಮೂಗಿನ ತುದಿ ಕೆಂಪಾಗಿರುತ್ತದೆ. "ಬಯ್ಯಿರಿ ಮಿಸೆಸ್ ಪೆನ್ರೋಸ್, ಬಯ್ಯಿರಿ. ನಾನು ಮಾರದಿದ್ರೆ ಎದುರು ಅಂಗಡಿಯವನು ಕದ್ದು ಅಚ್ಚು ಹಾಕಿ ಮಾರ್ತಾನೆ," ಎಂದ.

"ತಿರುಗಾ ಮುರುಗಾ ಆಗಿರೋ ಆ ಪ್ರೂಫ್ ಎಲ್ಲಿ?" ಹಾರ್ಬಾಟಲ್ ಬಾಗಿಲು ಹಾಕಿ, ಅದಕ್ಕೆ ಬೆನ್ನು ಕೊಟ್ಟು ನಿಂತ.

ಟ್ರೆಡ್‌ವೆಲ್ ಮರುಮಾತಾಡದೆ ಮೇಜಿನ ಖಾನೆ ತೆರೆದು ಹಾಳೆಯನ್ನು ಮುಂದಿಟ್ಟ. ನಾನು ಬೆಳಕಿಗೆ ಹಿಡಿದು ನೋಡಿದೆ. ನಾನು ತೆಗೆದ ಪ್ರತಿಯೇ. ಮೂಲೆಯಲ್ಲಿ ನನ್ನ ಹೆಬ್ಬೆಟ್ಟಿನ ಮಸಿಯೂ ಇತ್ತು.

"ಇದನ್ನ ಯಾರಿಗಾದ್ರೂ ತೋರಿಸಿದ್ರಾ?"

"ಅಯ್ಯೋ ದೇವರೇ, ಇಲ್ಲ! ತೋರಿಸಿದ್ರೆ ಕವಿಗಳು ನನ್ನ ಚರ್ಮ ಸುಲೀತಿದ್ರು." ಅವನು ನಶ್ಯದ ಡಬ್ಬಿ ತೆರೆದ, ಮುಚ್ಚಿದ, ಮತ್ತೆ ತೆರೆದ. "ಆದ್ರೆ... ಒಬ್ಬರು ಕೇಳ್ಕೊಂಡು ಬಂದಿದ್ರು."

"ಯಾವಾಗ?"

"ಕೊಲೆಗೆ ಸ್ವಲ್ಪ ಮುಂಚೆ. ನಿಮಗೆ ಗೊತ್ತಲ್ಲ ಈ ಮುಖ ಸಂಗ್ರಹಿಸೋ ಜನ."

ಗೊತ್ತಿಲ್ಲದೆ ಏನು. ನಮ್ಮ ಊರಿನ ಸಭ್ಯಸ್ಥರಿಗೆ ಅದೊಂದು ಪಿಡುಗು. ಸ್ನೇಹಿತರ ಮನೆಗೆ ಊಟಕ್ಕೆ ಹೋದಾಗ ಅವರ ಪುಸ್ತಕಗಳಿಂದ ಭಾವಚಿತ್ರ ಕತ್ತರಿಸಿ ಕೋಟಿನೊಳಗೆ ಸೇರಿಸಿಕೊಂಡು ಬಂದು ತಮ್ಮ ಪುಸ್ತಕಕ್ಕೆ ಅಂಟಿಸಿಕೊಳ್ಳುತ್ತಾರೆ. ಎಲ್ಲರ ಹತ್ತಿರ ಇರುವ ಚಿತ್ರ ಅವರಿಗೆ ಬೇಡ. ಕವಿ ಬೇಡವೆಂದ, ಸುಡಿಸಿದ, ಬಚ್ಚಿಟ್ಟ ಚಿತ್ರವೇ ಬೇಕು.

"ಕವಿಗಳು ಬೇಡ ಅಂದ ಪ್ರೂಫ್ ಇದೆಯಂತಲ್ಲ, ಕೇಳಿದಷ್ಟು ಕೊಡ್ತೀನಿ ಅಂದ್ರು. ತುಂಬಾ ಮರ್ಯಾದಸ್ಥರ ಮಾತು. ಮುಖ ಅರ್ಧ ಮುಚ್ಚಿತ್ತು, ನೆಗಡಿ ಅಂದ್ರು. ಇಲ್ಲಾಂದೆ. ಅದಕ್ಕೆ ಮೆಲ್ಲಗೆ ನಕ್ಕು, 'ಹಾಗಾದ್ರೆ ಇನ್ಯಾರ ಹತ್ರ ಸಿಗುತ್ತೆ?' ಅಂದ್ರು."

ನಾನು ಪ್ರೂಫನ್ನು ಮೇಜಿನ ಮೇಲಿಟ್ಟೆ. "ನೀವೇನಂದ್ರಿ?"

ಟ್ರೆಡ್‌ವೆಲ್ ನನ್ನ ಮುಖ ನೋಡಲಿಲ್ಲ. "ಸೈಲಸನ್ನ ಕೇಳಿ ಅಂದೆ."

ಆ ಹಾಳು ತಗಡಿನ ಮೇಲೆ ಮತ್ತೆ ಅಚ್ಚಿಗೆ ಬಾರದಂತೆ ಅಡ್ಡಗೀರು ಎಳೆದು ಬಿಸಾಕು ಎಂದು ನಾನೇ ಸೈಲಸನಿಗೆ ಹೇಳಿದ್ದೆ. ಎಳೆಯುವ ಮೊದಲು ಇನ್ನೊಂದು ಪ್ರತಿ ತೆಗೆಯುವುದು ಎಷ್ಟು ಹೊತ್ತಿನ ಕೆಲಸ?

"ನಾಲ್ಕನೇದು ಒಂದಿದೆ," ಎಂದ ಹಾರ್ಬಾಟಲ್. "ನಡೀರಿ ಅಮ್ಮಾ. ನಿಮ್ಮ ತಮ್ಮನ ಬಾಯಲ್ಲಿ ಒಂದು ಹೆಸರು ಬಂದ್ರೆ ಸಾಕು, ನಾಳೆ ಅವನು ಮನೆಗೆ ಬರ್ತಾನೆ."

ನ್ಯೂಗೇಟ್ ಸೆರೆಮನೆಯ ಮೆಟ್ಟಿಲು ಹತ್ತುವಾಗ ಎಷ್ಟೋ ದಿನಗಳ ನಂತರ ನನ್ನ ಹೆಜ್ಜೆ ಹಗುರವಾಗಿತ್ತು. ಒಳಗಿನ ನಾತಕ್ಕೆ ವಿನೆಗರ್‌ನಲ್ಲಿ ಅದ್ದಿದ ಕರ್ಚೀಫನ್ನು ಮೂಗಿಗೆ ಹಿಡಿದಿದ್ದೆ. ಕಾವಲುಗಾರ ಬೀಗ ತೆಗೆದ. ಸೈಲಸ್ ಒಣಹುಲ್ಲಿನ ಮೇಲೆ ಮೊಣಕಾಲು ತಬ್ಬಿ ಕೂತಿದ್ದ, ಕಾಲಿಗೆ ಸರಪಳಿ. ಹಾರ್ಬಾಟಲ್ ಬಾಗಿಲ ಬಳಿಯೇ ನಿಂತ.

"ಲೋ ಸೈಲಸ್, ಸಿಕ್ತು ಕಣೋ!" ಅವನ ಪಕ್ಕದಲ್ಲಿ ಕುಸಿದು ಕೂತು ಅವನ ತಣ್ಣನೆಯ ಕೈ ಹಿಡಿದುಕೊಂಡೆ. ಬಳ್ಳಿ, ಗೋಡೆ, ಕೆರೆದ ಗಾರೆ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. "ನೀನು ಕನ್ನಡಿ ಇಡದೆ ಕೆತ್ತಿದ್ದೇ ನಿನ್ನ ಪುಣ್ಯ. ಬೇರೆ ಯಾರ ಕೈಗೆ ಪ್ರೂಫ್ ಸಿಕ್ತೋ ಅವನೇ ಕೊಲೆಗಾರ."

ಅವನ ಮುಖ ಅರಳುತ್ತದೆಂದು ಕಾದೆ. ಅದು ಬಿಳಿಚಿಕೊಂಡಿತು. ತುಟಿಯ ರಕ್ತ ಕೂಡ ಇಂಗಿಹೋಯಿತು.

"ಇದನ್ನ ಯಾರ್ಯಾರಿಗೆ ಹೇಳಿದೆ ಅಕ್ಕಾ?"

"ಇನ್ನೂ ಯಾರಿಗೂ ಇಲ್ಲ. ಕೆಟೂರಾ, ಟ್ರೆಡ್‌ವೆಲ್..."

"ಟ್ರೆಡ್‌ವೆಲ್‌ಗೆ ಯಾಕೆ ಹೇಳಿದೆ!" ಅವನು ಹಲ್ಲು ಕಚ್ಚಿದ. "ಇನ್ನೊಂದು ಪ್ರತಿ ಇಲ್ಲ. ನಾನು ಯಾರಿಗೂ ಏನೂ ಕೊಟ್ಟಿಲ್ಲ."

"ಸುಳ್ಳು ಹೇಳ್ಬೇಡ. ಚಿಕ್ಕಂದಿನಿಂದ ನಿನ್ನ ಮೂತಿ ನೋಡ್ತಿದ್ದೀನಿ. ಸುಳ್ಳು ಹೇಳುವಾಗ ನೆಲ ನೋಡ್ತೀಯ."

ಅವನು ತಲೆ ಎತ್ತಿದ. ಆ ಕಣ್ಣುಗಳಲ್ಲಿದ್ದ ಭಯ ನೇಣಿನದಲ್ಲ. ನೇಣಿನ ಭಯವನ್ನು ಅಷ್ಟು ದಿನದಿಂದ ಅವನಲ್ಲಿ ನೋಡಿದ್ದೆ, ಇದು ಬೇರೆ.

"ಆ ಪ್ರೂಫ್ ಒಯ್ದವನು ಇಲ್ಲಿಗೂ ಬಂದಿದ್ದ," ಪಿಸುಗುಟ್ಟಿದ. "ನಿನ್ನೆ. ಸಣ್ಣದೊಂದು ಚಿತ್ರ ತೋರಿಸಿದ. ಪೆನ್ಸಿಲಿನಲ್ಲಿ ಬರೆದದ್ದು. ನೀನು ಮಲಗಿರೋ ಚಿತ್ರ ಅಕ್ಕಾ. ನಿನ್ನ ಮಂಚ, ನಿನ್ನ ಹೊದಿಕೆ, ಕಿಟಕಿ ಹತ್ರ ನೀನು ಬಿಚ್ಚಿಡೋ ಟೋಪಿ. ಮಂಚದ ಪಕ್ಕದಲ್ಲೇ ನಿಂತು ಬರೆದಿದ್ದಾನೆ. ನಾನು ಬಾಯಿಬಿಟ್ರೆ ಮತ್ತೆ ಅಲ್ಲಿಗೇ ಹೋಗ್ತೀನಿ ಅಂದ."

ನಾನು ಒಂಟಿ ಹೆಂಗಸು, ಪ್ರತಿರಾತ್ರಿ ಅಗುಳಿ ಹಾಕಿ, ಅದನ್ನು ಮತ್ತೊಮ್ಮೆ ಎಳೆದು ನೋಡಿಯೇ ಮಲಗುವವಳು. ಆ ಕೋಣೆಗೆ ನನ್ನ ಗಂಡ ಸತ್ತ ಮೇಲೆ ಗಂಡಸೊಬ್ಬ ಕಾಲಿಟ್ಟಿಲ್ಲ.

"ಯಾರೋ ಅವನು? ಹೆಸರು ಹೇಳೋ!"

"ಈ ರಾತ್ರಿ ಮನೆಗೆ ಹೋಗ್ಬೇಡ. ಚರ್ಚಿಗೆ ಹೋಗು, ಯಾರ ಮನೆಗಾದ್ರೂ ಹೋಗು, ಮನೆಗೆ ಮಾತ್ರ ಬೇಡ."

"ಸೈಲಸ್, ನಿಂಗೆ ಕೈ ಮುಗೀತೀನಿ. ಹಾರ್ಬಾಟಲ್ ಇಲ್ಲೇ ಇದ್ದಾರೆ, ಅವರು ನನ್ನ ಕಾಯ್ತಾರೆ. ಒಂದು ಹೆಸರು, ಒಂದೇ ಒಂದು ಹೆಸರು ಹೇಳು."

ಅವನು ನನ್ನ ಕೆನ್ನೆ ಮುಟ್ಟಿದ. ಚಿಕ್ಕವನಿದ್ದಾಗ ಜ್ವರ ಬಂದು ಮಲಗಿದ್ದಾಗಲೂ ಹಾಗೇ ಮುಟ್ಟುತ್ತಿದ್ದ. ಆಮೇಲೆ ನನ್ನ ಕೈ ಬಿಡಿಸಿಕೊಂಡು, ಗೋಡೆ ಹಿಡಿದು ಎದ್ದು ನಿಂತ. ಸರಪಳಿ ನೆಲಕ್ಕೆ ಬಡಿಯಿತು.

"ಹಾರ್ಬಾಟಲ್ ಸ್ವಾಮಿ!" ಕಿರುಚಿದ. ಪಕ್ಕದ ಕೋಣೆಗಳ ಗಲಾಟೆ ನಿಂತಿತು, ಕಾವಲುಗಾರ ಬಾಗಿಲಿಗೆ ಬಂದ. "ನಮ್ಮಕ್ಕ ಹೇಳೋ ಕತೆ ನಂಬಬೇಡಿ. ದಾರಿ ತಪ್ಪಿಸೋಕೆ ಅಂತ ಆ ಬಳ್ಳಿ ಕಿತ್ತವನು ನಾನೇ. ಕವಿಯ ತಲೆ ಒಡೆದವನೂ ನಾನೇ. ನಾಳೆ ಕೋರ್ಟಲ್ಲೂ ಇದನ್ನೇ ಹೇಳ್ತೀನಿ!"

"ಸುಳ್ಳು!" ಎಂದು ನಾನು ಅವನ ಬಾಯಿ ಮುಚ್ಚಲು ಹೋದೆ. ಕಾವಲುಗಾರ ನನ್ನನ್ನು ತೋಳು ಹಿಡಿದು ಹಿಂದಕ್ಕೆಳೆದ. ಬೀಗ ಬಿತ್ತು.

ನಾನು ಹಾರ್ಬಾಟಲ್‌ನ ಕೋಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. "ನಿಮಗೆ ಕೇಳಿಸ್ಲಿಲ್ಲ ಅಲ್ವಾ? ಹೇಳ್ರೀ. ಏನೂ ಕೇಳಿಸ್ಲಿಲ್ಲ ಅಂತ ಹೇಳ್ರೀ!"

ಅವನು ಟೋಪಿ ತೆಗೆದು ಎದೆಗೆ ಹಿಡಿದುಕೊಂಡ. ಆ ದಪ್ಪ ಮುಖದಲ್ಲಿ ಕಣ್ಣೀರು ಇಳಿಯುತ್ತಿತ್ತು.

"ಕೇಳಿಸ್ತು ಕಣಮ್ಮ," ಎಂದ.